ಕರಿಯ, ಬೆಳ್ಳಿ ಮತ್ತು ಅತ್ತೆಯ ಅಲೆ ಸೀರೆ

ಅಂಕ ಕೊಡದೆ ಯಾವುದನ್ನೂ ಇಷ್ಟಪಡಲು ನನಗೆ ಬರುವುದಿಲ್ಲ. ಇದು ಗುಣವೋ ರೋಗವೋ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೂ ಹತ್ತಕ್ಕೆ ಇಷ್ಟು ಎಂದು ಹಾಕಿಬಿಡಬಲ್ಲೆ. ಉಳಿದವರು ಹೋಟೆಲಿಗೆ ಹೋಗಿ ಇಡ್ಲಿ ತಿಂದು ಕೈ ತೊಳೆದು ಬರುತ್ತಾರೆ. ನನಗೆ ದಿನಚರಿ ತೆಗೆದು, ತಾರೀಖು ಹಾಕಿ, ಇಡ್ಲಿಗೆ ಏಳು, ಚಟ್ನಿಗೆ ಐದು, ಬಡಿಸಿದವನ ಮುಖಕ್ಕೆ ಎರಡು ಎಂದು ಬರೆದ ಮೇಲೆಯೇ ಹೊಟ್ಟೆ ತುಂಬುವುದು. ಸೇಲಂನಿಂದ ಧರ್ಮಪುರಿಗೆ ಹೋಗುವ ಬಸ್ಸುಗಳು ನನ್ನ ದಿನಚರಿಯಲ್ಲಿ ಪಾಸು ಫೇಲು ಆಗುತ್ತಲೇ ಇರುತ್ತವೆ, ಪಾಪ, ಅವಕ್ಕೆ ಅದು ಗೊತ್ತಿಲ್ಲ. ದಿನಚರಿಯನ್ನು ಬರೆಯುವುದು ಕನ್ನಡದಲ್ಲಿ. ಮನೆಯೊಳಗೆ ನಾವೆಲ್ಲ ಕನ್ನಡ ಮಾತಾಡುತ್ತೇವಾದರೂ ಓದು ಬರಹವೆಲ್ಲ ತಮಿಳು. ಕನ್ನಡ ಅಕ್ಷರ ಕಲಿತವನು ನಾನೊಬ್ಬನೇ ಆದ್ದರಿಂದ ಗುಟ್ಟು ಭದ್ರ ಎಂದುಕೊಂಡಿದ್ದೆ. ಆದರೆ ಅಂಕಿಗಳನ್ನು ಎಲ್ಲರೂ ಓದಬಲ್ಲರು ಎಂಬುದನ್ನು ಮರೆತಿದ್ದೆ. ಒಂದು ದಿನ ಅತ್ತೆ ಪುಟದ ಮೇಲೆ ಬೆರಳಿಟ್ಟು, ಈ ಆರು ಯಾವುದಕ್ಕೆ ಎಂದು ಕೇಳಿದರು. ಸುಳ್ಳು ಹೇಳಲು ಸಮಯ ಸಾಲದೆ, ನಿಮ್ಮ ಸಾಂಬಾರಿಗೆ ಎಂದೆ. ಮುಂದಿನ ಕೆಲವು ದಿನ ನನ್ನ ತಟ್ಟೆಗೆ ಬಂದ ಸಾಂಬಾರು ಮೂರಕ್ಕಿಂತ ಮೇಲೇಳಲಿಲ್ಲ.

ಈ ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮದು ಸೇಲಂನಲ್ಲಿ ಕೈಮಗ್ಗದ ಮನೆ. ಒಂದು ಮಗ್ಗ ಅಪ್ಪನದು, ಇನ್ನೊಂದು ಅತ್ತೆಯದು. ನಾನೊಬ್ಬ ಮಾತ್ರ ಮಗ್ಗದ ಗುಂಡಿಗೆ ಇಳಿಯದೆ ನೂಲಿನ ಅಂಗಡಿಯಲ್ಲಿ ಬಿಲ್ಲು ಹಾಕುತ್ತಾ ಮೇಲೆಯೇ ಉಳಿದುಕೊಂಡವನು. ಅತ್ತೆ ನೇಯುವುದು ಮೊದಲಾಳಿಗಾಗಿ, ಅಂದರೆ ಬಂಡವಾಳ ಹಾಕುವ ಸೀರೆ ಅಂಗಡಿಯ ಯಜಮಾನರಿಗಾಗಿ. ನೂಲು ಅವರದು, ಡಿಸೈನು ಅವರದು, ನೇಯ್ದ ಸೀರೆ ಅವರ ಅಂಗಡಿಗೆ ಹೋಗಿ ಅವರ ಅಂಗಡಿಯ ಹೆಸರಲ್ಲೇ ಮಾರಾಟವಾಗುತ್ತದೆ. ಹೀಗೆ ಆಯುಷ್ಯವೆಲ್ಲ ಕಳೆದ ಮೇಲೆ ಅತ್ತೆಗೆ ಒಂದು ಹಟ ಬಂತು. ತಾನೇ ನೂಲು ತಂದು, ಮೊದಲಾಳಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು, ತನ್ನದೇ ಯೋಚನೆಯ ಒಂದು ರೇಷ್ಮೆ ಸೀರೆ ನೇಯ್ದರು. ಮೈಯೆಲ್ಲ ನವಿಲುಕತ್ತಿನ ಬಣ್ಣ. ಅದರೊಳಗೆ ಕೂದಲಿಗಿಂತ ತೆಳ್ಳಗೆ, ಒತ್ತೊತ್ತಾಗಿ ಗೆರೆಗಳು, ದೂರದಿಂದ ಕಾಣಲಾರವು, ಹತ್ತಿರ ಬಂದರೆ ಕಣ್ಣನ್ನು ಬಿಡಲೊಲ್ಲವು. ಅಂಚು ಅರಗಿನ ಕೆಂಪು. ಇದನ್ನು ತಾನೇ ಮಾರಬೇಕು, ಯಾರು ನೇಯ್ದದ್ದು ಎಂದು ಕೇಳಿದವರಿಗೆ ಉಟ್ಟವಳು ತನ್ನ ಹೆಸರು ಹೇಳಬೇಕು ಎಂಬುದು ಅತ್ತೆಯ ಆಸೆ. ಮಾರಾಟವಾಗದಿದ್ದರೆ ಅದೂ ಮೊದಲಾಳಿಯ ಬೀರುವಿಗೆ ಹೋಗಿ ಉಳಿದ ಸೀರೆಗಳ ಜೊತೆ ಹೆಸರಿಲ್ಲದೆ ಮಲಗಬೇಕು. ಅಪ್ಪ ಅದನ್ನೇ ಹೇಳಿ ನಕ್ಕಿದ್ದರು. ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿ, ಇವತ್ತಿನ ಕಾಲದಲ್ಲಿ ಮಾರೋದು ಫೋಟೋ ಅಲ್ವಾ, ನೀನು ಫೋಟೋ ತೆಗಿ ಎಂದರು.

ನನ್ನ ಫೋನಿನ ಕ್ಯಾಮೆರಾ ಗಾಜು ಒಡೆದು, ಲೋಕವೆಲ್ಲ ಇಡ್ಲಿಪಾತ್ರೆಯ ಆವಿಯ ಹಿಂದೆ ನಿಂತಂತೆ ಕಾಣುತ್ತಿತ್ತು. ಒಂದು ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೆಂದು ನಾನೂ ಬಹುಕಾಲದಿಂದ ನೆಪ ಹುಡುಕುತ್ತಿದ್ದವನೇ. ನಮ್ಮ ಬೀದಿಯ ತುದಿಯ ಸ್ಟುಡಿಯೊ ಅಣ್ಣನಿಗೆ ಹೇಳಿದೆ. ಅವರು ಹೊಸಬರಿಗೆಂದೇ ಮಾಡಿದ ಎರಡು ಮಿರರ್‌ಲೆಸ್ ಕ್ಯಾಮೆರಾಗಳನ್ನು, ಎರಡೂ ಒಂದು ಕೈ ದಾಟಿ ಬಂದವು, ನನ್ನ ಮುಂದಿಟ್ಟು, ಎರಡನ್ನೂ ತಗೊಂಡು ಹೋಗು, ಒಂದನ್ನು ಇಟ್ಟುಕೋ, ಒಂದನ್ನು ವಾಪಸ್ ಕೊಡು ಎಂದರು. ನನ್ನಂಥವನ ಕೈಗೆ ಎರಡು ಕ್ಯಾಮೆರಾ ಕೊಟ್ಟು ಒಂದನ್ನು ಆರಿಸು ಎನ್ನುವುದು ಕುಡುಕನ ಕೈಗೆ ಅಂಗಡಿಯ ಬೀಗದಕೈ ಕೊಟ್ಟಂತೆ. ಅಂದೇ ದಿನಚರಿಯಲ್ಲಿ ಗೆರೆ ಎಳೆದು ಮನೆ ಮಾಡಿದೆ: ಮುಖ, ಓಟ, ಕತ್ತಲೆ, ಬಟ್ಟೆ. ಮಿರರ್‌ಲೆಸ್ ಎಂದರೆ ಏನೆಂದು ಅಜ್ಜಿ ಕೇಳಿದಾಗ, ಒಳಗೆ ಕನ್ನಡಿ ಇರುವುದಿಲ್ಲ ಎಂದೆ. ಕನ್ನಡಿ ಇಲ್ಲದ್ದಕ್ಕೆ ಯಾರಾದರೂ ದುಡ್ಡು ಜಾಸ್ತಿ ಕೊಡ್ತಾರಾ ಎಂದು ಅಜ್ಜಿ ಹೇಳಿದ್ದನ್ನು ಇಂಟರ್‌ನೆಟ್ಟಿನ ಯಾವ ವಿಮರ್ಶಕನೂ ಇನ್ನೂ ಹೇಳಿಲ್ಲ.

ಕಂಪನಿಗಳ ಹೆಸರು ಬರೆಯುವುದಿಲ್ಲ. ಅವರು ನನಗೆ ಏನೂ ಕೊಟ್ಟಿಲ್ಲ, ನಾನೂ ಕೊಡುವುದಿಲ್ಲ. ಅವಕ್ಕೆ ಹೆಸರಿಟ್ಟದ್ದು ನಂಗವಳ್ಳಿಯ ನನ್ನ ಸೋದರಮಾವ. ಓಟದ ಪರೀಕ್ಷೆಗೆ ಅವರ ಹೊಲಕ್ಕೆ ಹೋಗಿದ್ದೆ. ಮಾವ ಜೀವಮಾನದಲ್ಲಿ ಕೊಂಡದ್ದೆಲ್ಲ ಎತ್ತುಗಳನ್ನೇ ಆದ್ದರಿಂದ ಕ್ಯಾಮೆರಾಗಳನ್ನೂ ಸಂತೆಯ ಕಣ್ಣಿನಿಂದಲೇ ನೋಡಿದರು. ಎತ್ತಿ ತೂಕ ನೋಡಿದರು, ಅಡಿಯಲ್ಲಿ ನೋಡಿದರು, ಬ್ಯಾಟರಿಯ ಬಾಗಿಲು ತೆಗೆದು ಹಲ್ಲು ಎಣಿಸುವವರಂತೆ ಒಳಗೆ ಇಣುಕಿದರು. ಕಪ್ಪಗಿದ್ದುದನ್ನು ಕರಿಯ ಎಂದರು, ಬೂದುಬಣ್ಣದ್ದನ್ನು ಬೆಳ್ಳಿ ಎಂದರು. "ಕರಿಯಂಗೆ ಚುರುಕು ಐತೆ, ಆದ್ರೆ ಕೊಂಬಲ್ಲಿ ಆಯೋ ಬುದ್ಧಿ ಐತೆ. ಬೆಳ್ಳಿ ಸಾಧು, ಆದ್ರೆ ಉಳೋವಾಗ ನಿದ್ದೆ ಮಾಡ್ತದೆ" ಎಂದು ಗುಂಡಿ ಒತ್ತುವ ಮೊದಲೇ ತೀರ್ಪು ಕೊಟ್ಟರು. ನಾನು ಮನಸ್ಸಿನಲ್ಲೇ ನಕ್ಕೆ. ಆಮೇಲೆ ಮಾವ ಜೋಳ ಚೆಲ್ಲಿ ಕೋಳಿಗಳನ್ನು ಕರೆದರು, ನಾಯಿಯನ್ನು ಅವುಗಳ ಮೇಲೆ ಛೂ ಬಿಟ್ಟರು. ಕರಿಯ ಓಡುವ ಕೋಳಿಯ ಕಣ್ಣನ್ನೇ ಹುಡುಕಿ ಹಿಡಿಯಿತು, ಆ ಕಣ್ಣಿನಲ್ಲಿ ಮಾವನ ಬಗ್ಗೆ ಇದ್ದ ಅಭಿಪ್ರಾಯವೂ ಸ್ಪಷ್ಟವಾಗಿ ಬಂತು. ಬೆಳ್ಳಿ ಯೋಚಿಸಿ, ಮುಂದೆ ಹೋಗಿ, ಹಿಂದೆ ಬಂದು, ಕೊನೆಗೆ ಗಮನವಿಟ್ಟದ್ದು ಹಿಂದಿನ ತೆಂಗಿನಮರದ ಮೇಲೆ. ಅದು ಓಡುತ್ತಿರಲಿಲ್ಲ. ಓಟ: ಕರಿಯ ಒಂಬತ್ತು, ಬೆಳ್ಳಿ ಮೂರು.

ಮುಖದ ಪರೀಕ್ಷೆಗೆ ಅಜ್ಜಿ. ಕರಿಯ ಅಜ್ಜಿಯ ಒಂದೊಂದು ಸುಕ್ಕನ್ನೂ ಸರ್ವೆಯವರಂತೆ ಗುರುತು ಹಾಕಿತು. ಬೆಳ್ಳಿ ಅವರ ಮುಖಕ್ಕೆ ಸಂಜೆಯ ಬಿಸಿಲು ಸವರಿದಂತೆ ಮಾಡಿ, ವಯಸ್ಸನ್ನು ಅರ್ಧ ಮಾಡಿಬಿಟ್ಟಿತು. ಅಜ್ಜಿ ಎರಡನ್ನೂ ನೋಡಿ, ಇದು ಯಾರು ಎಂದು ಕರಿಯನ ಚಿತ್ರ ತೋರಿಸಿ ಕೇಳಿದರು. ಮುಖ: ಬೆಳ್ಳಿ ಒಂಬತ್ತು, ಕರಿಯ ನಾಲ್ಕು. ಕತ್ತಲೆಯ ಪರೀಕ್ಷೆಗೆ ನಮ್ಮ ಮಗ್ಗದ ಕೋಣೆಗಿಂತ ಒಳ್ಳೆಯ ಜಾಗವಿಲ್ಲ. ಅಪ್ಪ ನೇಯುತ್ತಿದ್ದರು, ಲಾಳಿ ಅತ್ತಿತ್ತ ಹಾರುತ್ತಿತ್ತು. ಕೈ ನಡುಗಿದರೂ ಬೆಳ್ಳಿ ಸಹಿಸಿಕೊಂಡಿತು, ಅದರ ಒಳಗೇ ನಡುಕ ತಡೆಯುವ ಏನೋ ಇದೆಯಂತೆ. ಕರಿಯನಿಗೆ ಅದು ಇರಲಿಲ್ಲ, ಅಪ್ಪ ಇಬ್ಬರು ಅಪ್ಪಂದಿರಾಗಿ ಬಂದರು. ಒಬ್ಬರ ಬೈಗುಳವೇ ನನಗೆ ಸಾಕು. ಆದರೆ ಲಾಳಿಯನ್ನು ಹಾರುವಾಗಲೇ ಹಿಡಿದದ್ದು ಕರಿಯ. ಕತ್ತಲೆ: ಬೆಳ್ಳಿ ಏಳು, ಕರಿಯ ಆರು. ಹೀಗೆ ಕೂಡಿ ಕಳೆದು ನೋಡಿದರೆ ಎರಡೂ ಸರಿಸಮ. ಇನ್ನು ಉಳಿದದ್ದು ಬಟ್ಟೆ. ನಿಜಕ್ಕೂ ಶುರು ಮಾಡಬೇಕಾದದ್ದು ಅದರಿಂದಲೇ. ಆದರೆ ಮುಖ್ಯವಾದದ್ದನ್ನು ಕೊನೆಗೆ ಇಟ್ಟುಕೊಳ್ಳುವುದು ಅಚ್ಚುಕಟ್ಟು ಮನುಷ್ಯರ ಒಂದು ಚಟ.

ಸೀರೆಯನ್ನು ಅಂಗಳದಲ್ಲಿ ಹಗ್ಗದ ಮೇಲೆ ಹಾಕಿ, ಅದೇ ಬೆಳಕಿನಲ್ಲಿ ಎರಡು ಕ್ಯಾಮೆರಾದಿಂದಲೂ ಒಂದೊಂದು ಚಿತ್ರ ತೆಗೆದೆ. ಬೆಳ್ಳಿಯ ಚಿತ್ರದಲ್ಲಿ ಸೀರೆ ಸೀರೆಯ ಹಾಗೇ ಇತ್ತು. ಕರಿಯನದರಲ್ಲಿ ಏನೋ ಮಿನುಗಿದಂತೆ ಕಂಡಿತು, ಸಣ್ಣ ಪರದೆಯಾದ್ದರಿಂದ ಹೊಳಪಿರಬೇಕು ಎಂದುಕೊಂಡೆ. ನನ್ನ ಅಂಕಕ್ಕೆ ಪಕ್ಷಪಾತದ ಕಳಂಕ ಬರಬಾರದೆಂದು ಎರಡನ್ನೂ ನಮ್ಮ ನೆಂಟರ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿ, ಒಂದಾ ಎರಡಾ, ಯಾವುದು ಚೆನ್ನಾಗಿದೆ ಎಂದು ಕೇಳಿದೆ. ನಾನು ಕೇಳಿದ್ದು ಕ್ಯಾಮೆರಾ. ಅವರ ಕಣ್ಣಿಗೆ ಕಂಡದ್ದು ಎರಡು ಸೀರೆ. ಹೆಂಗಸರ ಗುಂಪಿನಲ್ಲಿ ಎರಡು ಸೀರೆಯ ಚಿತ್ರ ಹಾಕಿ ಅದು ಕ್ಯಾಮೆರಾದ ವಿಷಯ ಎಂದು ತಿಳಿಯುವುದಾದರೆ ಅದು ನನ್ನಂಥ ಬ್ರಹ್ಮಚಾರಿಗೆ ಮಾತ್ರ ಸಾಧ್ಯ. ಸಂಜೆಯ ಹೊತ್ತಿಗೆ ಗುಂಪಿಗೆ ಗುಂಪೇ ಎರಡು ಎರಡು ಎಂದು ಕೂಗಿತ್ತು. ಒಬ್ಬರು ಅದನ್ನು ಇನ್ನೊಬ್ಬರಿಗೆ ಕಳಿಸಿ, ಅವರು ಮತ್ತೊಬ್ಬರಿಗೆ ಕಳಿಸಿ, ಧರ್ಮಪುರಿಯಿಂದ ಒಬ್ಬ ತಾಯಿ ಫೋನು ಮಾಡಿದರು. ಮಗಳ ಮದುವೆ ಆವಣಿ ತಿಂಗಳಲ್ಲಿ, ಮಗಳು ಎರಡನೇ ಸೀರೆಯನ್ನೇ ಹಿಡಿದು ಕೂತಿದ್ದಾಳೆ, ಬೇರೆ ಯಾರಿಗೂ ಕೊಡಬೇಡಿ, ಶುಕ್ರವಾರ ಬರುತ್ತೇವೆ. ಫೋಟೋ ನೋಡದ ಅತ್ತೆ, ಇರುವುದೇ ಒಂದು ಸೀರೆಯಾದ್ದರಿಂದ, ಆಗಲಿ ಬನ್ನಿ ನಿಮಗೇ ಇಟ್ಟಿರ್ತೀನಿ ಎಂದು ಮಾತು ಕೊಟ್ಟರು. ಫೋನು ಇಟ್ಟು, ಅಪ್ಪನ ಮುಂದೆ ಎರಡು ಸಲ ಸುಮ್ಮನೆ ನಡೆದಾಡಿದರು. ಆಮೇಲೆ ನನ್ನ ಹತ್ತಿರ ಬಂದು, ಅದೇನು ಎರಡನೇದು, ತೋರ್ಸು ಎಂದರು.

ತೋರಿಸಿದೆ. ಫೋನಿನ ಪರದೆ ತುಂಬ ನವಿಲುಕತ್ತಿನ ಸೀರೆಯ ಮೇಲೆ ತಿಳಿ ಗುಲಾಬಿ, ತಿಳಿ ಹಸಿರು ಅಲೆಗಳು, ಕೆರೆಯ ನೀರಿಗೆ ಕಲ್ಲು ಹಾಕಿದಂತೆ, ಅಂಚಿನಿಂದ ಅಂಚಿಗೆ ಹರಿದಿದ್ದವು. ನನಗೂ ಆಗಲೇ ಕಂಡದ್ದು. ಬೇರೆ ಯಾರಾದರೂ ಆಗಿದ್ದರೆ ಫೋಟೋ ಕೆಟ್ಟಿದೆ ಎನ್ನುತ್ತಿದ್ದರು. ನೇಯುವವರಿಗೆ ಮೊದಲು ಬರುವ ಅನುಮಾನ ನೇಯ್ಗೆಯ ಮೇಲೆ. ಎಳೆಗಳನ್ನು ಸಾಲಾಗಿ ಹಿಡಿಯುವ ಹಣಿಗೆ ಬಾಗಿರಬೇಕು, ಇಲ್ಲವೇ ಬಣ್ಣ ಒಂದೇ ಸಮ ಕುಡಿದಿಲ್ಲ, ಇಲ್ಲವೇ ನನ್ನ ಕಣ್ಣೇ ಹೋಗಿದೆ ಎಂದು ಅತ್ತೆ ಒಂದೊಂದಾಗಿ ಹೆಸರು ಹೇಳುತ್ತಾ ಸೀರೆಯನ್ನು ಬಿಡಿಸಿ, ಉಳಿದಿದ್ದ ಬಿಸಿಲಿಗೆ ಹಿಡಿದು, ಗೇಣು ಗೇಣಾಗಿ ನೋಡಿದರು. ಅಪ್ಪನೂ ನೋಡಿದರು. ಅಜ್ಜಿಯೂ ಕನ್ನಡಕ ಹಾಕಿಕೊಂಡು ನೋಡಿ, ಏನೂ ಕಾಣದಿದ್ದರೂ, ಸ್ವಲ್ಪ ಇರಬೋದು ಎಂದರು. ಬಣ್ಣ ಹಾಕಿಕೊಟ್ಟವರಿಗೆ ಫೋನು ಮಾಡಿ ಅತ್ತೆ ಮೊದಲು ಕನ್ನಡದಲ್ಲಿ ಬೈದರು, ಅವರಿಗೆ ಅರ್ಥವಾಗದಿದ್ದಾಗ ತಮಿಳಿನಲ್ಲಿ ಅದನ್ನೇ ಇನ್ನೂ ವಿವರವಾಗಿ ಬೈದರು. ನಾನು ಮೆತ್ತಗೆ, ಇದು ಕರಿಯನ ಕೆಲಸವಿರಬಹುದು, ಬೆಳ್ಳಿಯ ಫೋಟೋದಲ್ಲಿ ಇಲ್ಲವಲ್ಲ ಎಂದೆ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನನ್ನ ದಿನಚರಿಯಲ್ಲಿ ಮನೆಯಿಲ್ಲ. "ಬೈಗುಳ ಎಲ್ಲ ಮುಗಿಯೋಗಂಟ ಕಾಯ್ದು ಏಳ್ತೀಯಲ್ಲ, ಬಾಯಿ ಅಡ ಇಟ್ಟಿದ್ಯಾ ನೀನು?"

ಅತ್ತೆಯನ್ನು ಕರೆದುಕೊಂಡು ಹೋದಾಗ ಸ್ಟುಡಿಯೊ ಅಣ್ಣ ಬಿಡಿಸಿ ಹೇಳಿದರು. ಕ್ಯಾಮೆರಾದ ಒಳಗೂ ಬೆಳಕು ಹಿಡಿಯುವ ಚುಕ್ಕೆಗಳು ಸಾಲುಸಾಲಾಗಿ ಇರುತ್ತವೆ. ಬಟ್ಟೆಯ ಗೆರೆಗಳು ತೀರ ಸಣ್ಣಗೆ, ತೀರ ಒಂದೇ ಸಮ ಇದ್ದರೆ ಎರಡು ಸಾಲಿಗೂ ಜಗಳವಾಗಿ ನಡುವೆ ಇಲ್ಲದ ಅಲೆ ಏಳುತ್ತದೆ. ಕರಿಯ ತುಂಬ ಚೂಪಾದ ಕ್ಯಾಮೆರಾ, ಅದರಲ್ಲಿ ಜಗಳ ಜಾಸ್ತಿ. ಬೆಳ್ಳಿ ಕೊಂಚ ಮೆತ್ತಗೆ ನೋಡುತ್ತದೆ, ಜಗಳ ಕಮ್ಮಿ. ನೇಯ್ಗೆ ಸ್ವಲ್ಪ ಹೆಚ್ಚುಕಮ್ಮಿ ಇದ್ದಿದ್ದರೆ ಅಲೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಎಂದೂ ಸೇರಿಸಿದರು. ಅತ್ತೆಗೆ ಆ ಕೊನೆಯ ಮಾತು ಹಿಡಿಸಿತು. ಸೊಳ್ಳೆಪರದೆ ಎರಡು ಮಡಿಕೆ ಆದಾಗ ಆಗ್ತದಲ್ಲ, ಅದಾ, ಎಂದು ಕೇಳಿ ಸಮಾಧಾನ ಮಾಡಿಕೊಂಡರು. ಆದರೆ ನೆಮ್ಮದಿ ಬಂದಷ್ಟೇ ಬೇಗ ಹೊಸ ಚಿಂತೆ ಬಂತು. ಸೀರೆಯಲ್ಲಿ ತಪ್ಪಿಲ್ಲ, ಸರಿ. ಆದರೆ ಧರ್ಮಪುರಿಯವರು ಕೊಳ್ಳಲು ಬರುತ್ತಿರುವುದು ಸೀರೆಯನ್ನಲ್ಲ, ಆ ಅಲೆಯನ್ನು. ಮನೆಗೆ ವಾಪಸ್ ಬರುವ ದಾರಿಯುದ್ದಕ್ಕೂ ನಾನು ಉಪಾಯಗಳನ್ನು ಹೇಳುತ್ತಾ ಬಂದೆ: ಒಗೆದಾಗ ಹೋಯಿತು ಎನ್ನೋಣ, ಬೆಳದಿಂಗಳಲ್ಲಿ ಮಾತ್ರ ಕಾಣುತ್ತದೆ ಎನ್ನೋಣ. ಅತ್ತೆ ಒಂದಕ್ಕೂ ಒಪ್ಪಲಿಲ್ಲ. ಮೊದಲ ಸೀರೆ ಸುಳ್ಳು ಹೇಳಿ ಮಾರಿದರೆ ಅದು ಮೊದಲಾಳಿಗೆ ಕೊಟ್ಟಿದ್ದಕ್ಕಿಂತ ಕಡೆ ಎಂದರು. ಹಾಗಾದರೆ ಈಗಲೇ ಫೋನು ಮಾಡಿ ನಿಜ ಹೇಳೋಣವೇ ಎಂದೆ. ಅದಕ್ಕೂ ಬೇಡ ಎಂದರು. ಬರಲಿ, ಬಂದು ಸೀರೆ ಮುಟ್ಟಲಿ, ಆಮೇಲೆ ಹೇಳೋಣ. ಸತ್ಯವನ್ನು ಹೇಳುವುದು ಬೇರೆ, ಯಾವಾಗ ಹೇಳುವುದು ಬೇರೆ ಎಂಬುದು ಮಗ್ಗದ ಮುಂದೆ ಆಯುಷ್ಯ ಕಳೆದವರಿಗೂ ಗೊತ್ತಿರುತ್ತದೆ. ಆ ದಿನವೇ ನಾನು ಬಟ್ಟೆಯ ಮನೆಯಲ್ಲಿ ಬೆಳ್ಳಿಗೆ ಹತ್ತು, ಕರಿಯನಿಗೆ ಸೊನ್ನೆ ಹಾಕಿ, ಕೆಂಪು ಶಾಯಿಯಲ್ಲಿ ಕೆಳಗೆ ಸಹಿ ಮಾಡಿ, ಕರಿಯನನ್ನು ಸ್ಟುಡಿಯೊಗೆ ವಾಪಸ್ ಕೊಟ್ಟು ಬಂದೆ.

ಶುಕ್ರವಾರ ತಾಯಿ ಮಗಳು ಬಂದರು. ತಾಯಿ ಗಟ್ಟಿ ಹೆಂಗಸು, ಕಾಫಿ ಕುಡಿಯುವ ಮೊದಲೇ ಸೀರೆ ಎಲ್ಲಿ ಎಂದರು. ಅತ್ತೆ ಚಾಪೆಯ ಮೇಲೆ ಬಿಡಿಸಿದರು. ತಾಯಿ ಮುಟ್ಟಿದರು, ಹಿಂಬದಿ ತಿರುಗಿಸಿದರು, ಅಂಚನ್ನು ಉಗುರಿನಿಂದ ಗೀರಿ ನೋಡಿದರು, ಮುಖ ಅರಳಿತು. ಆಮೇಲೆ ಕಿಟಕಿಯ ಕಡೆ ಹಿಡಿದು, ಮತ್ತೆ ಕತ್ತಲ ಕಡೆ ಹಿಡಿದು, ಕೊನೆಗೆ ಕೇಳಿದರು.

"ಅಕ್ಕಾ, ಸೀರೆ ಚೆನ್ನಾಗೈತೆ. ಆದ್ರೆ ಅಲೆ ಎಲ್ಲಿ?"

ಅತ್ತೆ ನನ್ನ ಕಡೆ ನೋಡಲಿಲ್ಲ. "ಅಲೆ ಸೀರೇಲಿಲ್ಲಮ್ಮ. ಇವನು ಪೋಟ ತೆಗೆದ ಪೆಟ್ಟಿಗೇಲಿತ್ತು. ನಾನು ನೇಯ್ದಿರೋದು ಇಷ್ಟೇ. ಬೇಕು ಅಂದ್ರೆ ತಗೊಳ್ಳಿ, ಬ್ಯಾಡ ಅಂದ್ರೆ ಕಾಪಿ ಕುಡ್ದು ಓಗಿ, ಬೇಜಾರಿಲ್ಲ."

ಬೇಜಾರಿಲ್ಲ ಎಂದವರ ಕೈ ಸೀರೆಯ ಸೆರಗನ್ನು ಮಡಿಸುತ್ತಾ, ಬಿಚ್ಚುತ್ತಾ, ಮತ್ತೆ ಮಡಿಸುತ್ತಾ ಇತ್ತು. ಅಪ್ಪ ಮಗ್ಗ ನಿಲ್ಲಿಸಿದ್ದರು. ಆಗ ಮಗಳು, ಅಲ್ಲಿಯವರೆಗೆ ಮಾತಾಡದವಳು, ತನ್ನ ಫೋನು ತೆಗೆದು ಸೀರೆಯ ಕಡೆ ಹಿಡಿದಳು. ಒಂದು ಹೆಜ್ಜೆ ಹಿಂದೆ ಹೋದಳು, ಅರ್ಧ ಹೆಜ್ಜೆ ಮುಂದೆ ಬಂದಳು, ನಿಂತಳು. ಅಮ್ಮಾ, ಬಂತು, ಎಂದಳು. ನಾವೆಲ್ಲ ಅವಳ ಹಿಂದೆ ಗುಂಪು ಕಟ್ಟಿದೆವು. ಪರದೆಯೊಳಗೆ ಅಲೆ ಇತ್ತು, ಅವಳ ಕೈ ಅಲುಗಿದಂತೆ ಅಲೆಯೂ ಅಲುಗುತ್ತಿತ್ತು. ಪರದೆಯ ಆಚೆ, ಚಾಪೆಯ ಮೇಲೆ, ಸೀರೆ ಏನೂ ಅರಿಯದಂತೆ ಸುಮ್ಮನೆ ಬಿದ್ದಿತ್ತು. ತಾಯಿ ಒಮ್ಮೆ ಫೋನು, ಒಮ್ಮೆ ಸೀರೆ ನೋಡಿ, ಕಣ್ಣಿಗೆ ಕಾಣದ್ದಕ್ಕೆ ಯಾಕಮ್ಮ ಆಸೆ ಪಡ್ತೀಯಾ ಎಂದರು. ಅದಕ್ಕೆ ಆ ಹುಡುಗಿ ಹೇಳಿದ್ದನ್ನು ನಾನು ಯಥಾವತ್ತಾಗಿ ಬರೆದಿಟ್ಟಿದ್ದೇನೆ. "ಕಣ್ಣಲ್ಲಿ ನೋಡೋರು ಉಂಡು ಓಯ್ತಾರಮ್ಮ. ಪೋಟಾದಲ್ಲಿ ನೋಡೋರು ನೋಡ್ತಾನೇ ಇರ್ತಾರೆ."

ಸೀರೆ ಮಾರಾಟವಾಯಿತು. ಆದರೆ ಒಂದು ಷರತ್ತು. ಮದುವೆಗೆ ಬೇರೆ ಫೋಟೋಗ್ರಾಫರ್ ಬೇಡ, ಈ ತಂಬಿಯೇ ಬರಬೇಕು, ಆ ಪೆಟ್ಟಿಗೆಯನ್ನೇ ತರಬೇಕು. ತಂಬಿ ಬಾಯಿ ತೆರೆಯುವ ಮೊದಲೇ ಅತ್ತೆ ಬರ್ತಾನೆ ಎಂದುಬಿಟ್ಟರು. ನಾನು ಅಂದು ಸಂಜೆಯೇ ಸ್ಟುಡಿಯೊಗೆ ಹೋಗಿ ಬೆಳ್ಳಿಯನ್ನು ಕೊಟ್ಟು, ಸೊನ್ನೆ ಅಂಕದ ಕರಿಯನನ್ನು ಕೊಂಡು ತಂದೆ. ಸ್ಟುಡಿಯೊ ಅಣ್ಣ ಕಾರಣ ಕೇಳಿದರು. ಬಟ್ಟೆಗೆ ಇದೇ ಒಳ್ಳೆಯದು ಎಂದೆ.

ಧರ್ಮಪುರಿಯ ಕಲ್ಯಾಣ ಮಂಟಪದಲ್ಲಿ ನಾನು ಪಟ್ಟ ಪಾಡನ್ನು ವಿವರಿಸುವುದಿಲ್ಲ. ಅಲೆ ಏಳುವುದು ಒಂದು ದೂರದಲ್ಲಿ ಮಾತ್ರ. ಒಂದು ಹೆಜ್ಜೆ ಮುಂದಾದರೆ ಗೆರೆ ಕಾಣುತ್ತದೆ, ಒಂದು ಹೆಜ್ಜೆ ಹಿಂದಾದರೆ ಏನೂ ಇಲ್ಲ. ಮದುಮಗಳು ಕೂತರೆ ಒಂದು ದೂರ, ನಿಂತರೆ ಇನ್ನೊಂದು. ನಾನು ಮಂಟಪದ ಮುಂದೆ ಏಡಿಯಂತೆ ಹಿಂದೆ ಮುಂದೆ ಸರಿಯುತ್ತಿದ್ದರೆ, ಮದುಮಗಳ ತಾಯಿ ಸಾಲಿನ ಮಧ್ಯದಿಂದ ಕೈಸನ್ನೆಯಲ್ಲೇ ಬಂತಾ ಎಂದು ಕೇಳುತ್ತಿದ್ದರು. ತಾಳಿ ಕಟ್ಟುವ ಹೊತ್ತಿನಲ್ಲಿ ಅಲೆ ಅದ್ಭುತವಾಗಿ ಬಂತು. ಮದುಮಗ ಎಲ್ಲಿದ್ದ ಎಂದು ನಾನು ಗಮನಿಸಿರಲಿಲ್ಲ. ಆಲ್ಬಂ ಆದ ಮೇಲೆ ಗಂಡಿನ ಕಡೆಯವರು ಫೋನು ಮಾಡಿ, ನಮ್ಮ ಹುಡುಗನ ಮೊಣಕೈ ಚೆನ್ನಾಗಿ ಬಂದಿದೆ, ಉಳಿದ ಭಾಗ ಇದ್ದರೆ ಕಳಿಸಿ ಎಂದು ತುಂಬ ಮರ್ಯಾದೆಯಾಗಿ ಕೇಳಿದರು.

ಆ ಮದುವೆಯಲ್ಲಿ ಸೀರೆ ನೋಡಿದ ಹೆಂಗಸರು ಯಾರದ್ದು ಇದು ಎಂದು ಕೇಳಿದಾಗ, ಮದುಮಗಳು ಅತ್ತೆಯ ಹೆಸರನ್ನೇ ಹೇಳಿದಳಂತೆ. ಮನೆ ಎಲ್ಲಿ ಎಂಬುದನ್ನೂ ಹೇಳಿದಳಂತೆ. ಹಾಗಾಗಿ ಈಗ ಅತ್ತೆಯ ಕೈಯಲ್ಲಿ ತಮ್ಮದೇ ಹೆಸರಿನ ಸೀರೆಗಳ ಆರ್ಡರುಗಳಿವೆ, ಎಲ್ಲವೂ ಅಲೆಯವೇ. ಒಬ್ಬರೇ ನೇಯ್ದು ಮುಗಿಯದು. ಎಳೆಗೆರೆಯ ಸೀರೆ ಸಲೀಸು ಕೆಲಸವಲ್ಲ, ಆದರೂ ಬಿಲ್ಲು ಹಾಕುವವನನ್ನು ಭಾನುವಾರವಾದರೂ ಹಿಡಿದು ಕೂರಿಸಬೇಕೆಂದು ಮನೆಯಲ್ಲಿ ತೀರ್ಮಾನವಾಗಿ, ನಾನು ಕೊನೆಗೂ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟೆ. ಸೀರೆಗೆ ನನ್ನನ್ನು ನಂಬದೆ, ಹೆಗಲ ಮೇಲೆ ಹಾಕುವ, ಅದೇ ಗೆರೆಗಳ ಒಂದು ವಲ್ಲಿಯನ್ನು ಅಭ್ಯಾಸಕ್ಕೆ ಕೊಟ್ಟರು. ನೇಯ್ದು ಮುಗಿದ ದಿನ ಅತ್ತೆ ಅದನ್ನು ಬೆಳಕಿಗೆ ಹಿಡಿದರು. ಒಂದು ಕಡೆ ಒತ್ತಾಗಿ, ಒಂದು ಕಡೆ ಸಡಿಲವಾಗಿ, ನಡುವೆ ಬಿಟ್ಟುಹೋದ ಎಳೆಗಳು ಬಸ್‌ಸ್ಟಾಂಡಿನಲ್ಲಿ ದಾರಿ ತಪ್ಪಿದವರಂತೆ ಅಲ್ಲಲ್ಲಿ ನಿಂತಿದ್ದವು. ಅತ್ತೆ ಬೈಯಲಿಲ್ಲ. ಒಳಗೆ ಹೋಗಿ ಕರಿಯನನ್ನು ತಂದು ನನ್ನ ಕೈಗೆ ಕೊಟ್ಟರು.

"ಇದಕ್ಕೆ ಬೆಳ್ಳಿ ಇದ್ದಿದ್ರೂ ಆಯ್ತಿರಲಿಲ್ಲ ಕಣ್ಲಾ, ನಿಜ ತೋರ್ಸಿಬಿಡ್ತಿತ್ತು. ಈ ಕರಿಯನಲ್ಲೇ ತೆಗಿ. ಅಲೇಲಿ ಮುಳುಗಿ ಓಗ್ಲಿ."

ತೆಗೆದೆ. ಒಂದೇ ಒಂದು ಅಲೆಯೂ ಬರಲಿಲ್ಲ. ಅದಕ್ಕೆ ನೇಯ್ಗೆ ಒಂದೇ ಸಮ ಇರಬೇಕು. ಪರದೆಯ ಮೇಲೆ ನನ್ನ ಒಂದೊಂದು ತಪ್ಪೂ ಅಜ್ಜಿಯ ಸುಕ್ಕಿನಷ್ಟೇ ಸ್ಪಷ್ಟವಾಗಿ ನಿಂತಿತ್ತು. ಅತ್ತೆ ನನ್ನ ದಿನಚರಿಯನ್ನು ತಾವೇ ತಂದು, ಅಂದಿನ ಪುಟ ತೆಗೆದು, ಪೆನ್ನು ಕೇಳಿ, ಒಂದು ಅಂಕಿ ಬರೆದು ಮುಚ್ಚಿದರು. ನಾನಿನ್ನೂ ಆ ಪುಟವನ್ನು ತೆರೆದು ನೋಡಿಲ್ಲ.